ಹಲ್ಲು ನಮ್ದು, ಪದಕ ನಿಮ್ದು



ಬರಹ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ನಾಲ್ಕು ಸಾಲು ಓದಿ "ಇವನು ಡಾಕ್ಟರುಗಳ ವಿರೋಧಿ, ವಿಜ್ಞಾನದ ವಿರೋಧಿ" ಅಂತ ಕಮೆಂಟ್ ಹಾಕೋಕೆ ಬರೋರಿಗೆ ಮೊದಲೇ ಹೇಳಿಬಿಡ್ತೀನಿ, ನಾನು ಎರಡೂ ಅಲ್ಲ. ಜ್ವರ ಬಂದ್ರೆ ಯಂತ್ರ ಕಟ್ಟಿಸಬೇಡಿ, ಆಸ್ಪತ್ರೆಗೆ ಹೋಗಿ ಅಂತ ನಮ್ಮ ಜನಕ್ಕೆ ವರ್ಷಗಳಿಂದ ಹೇಳ್ಕೊಂಡು ಬಂದೋನು ನಾನು. ಹಂಗಾಗಿ ಆಸ್ಪತ್ರೆಯೋರನ್ನ, ಮೆಡಿಕಲ್ ಕಾಲೇಜಿನೋರನ್ನ ಒಂದು ಪ್ರಶ್ನೆ ಕೇಳೋ ಹಕ್ಕೂ ನನಗಿದೆ.

ಪ್ರಶ್ನೆ ಇಷ್ಟೇ. ನಮ್ಮ ಕೇರಿಗಳಿಗೆ ಬಂದು ರಕ್ತ, ಉಚ್ಚೆ, ಹಲ್ಲಿನ ಫೋಟೋ ತಗೊಂಡು ಹೋಗ್ತೀರಿ. ಅದನ್ನ ಸಮ್ಮೇಳನದಲ್ಲಿ ಮಂಡಿಸ್ತೀರಿ. ಅತ್ಯುತ್ತಮ ಪ್ರಬಂಧ, ಅತ್ಯುತ್ತಮ ಪೋಸ್ಟರ್, ಅತ್ಯುತ್ತಮ ಸಂಶೋಧಕ ಅಂತ ಪ್ರಶಸ್ತಿ ತಗೋತೀರಿ. ಆ ಸಂಶೋಧನೆಯ ಫಲಿತಾಂಶ ಮಾತ್ರ ಕೇರಿಗೆ ಯಾಕೆ ವಾಪಸ್ ಬರಲ್ಲ? ವಾಪಸ್ ಬರದ ಸಂಶೋಧನೆಗೆ ಪದಕ ಯಾಕೆ?

ಈ ಸಮ್ಮೇಳನಗಳು ಹೆಂಗೆ ನಡೀತವೆ ಅಂತ ಗೊತ್ತಿಲ್ಲದ ಗೆಳೆಯರಿಗೆ ಸ್ವಲ್ಪ ಹೇಳ್ತೀನಿ. ಎಂಬಿಬಿಎಸ್ ಮುಗಿಸಿ ಪಿಜಿ ಓದೋ ಮಕ್ಕಳು ಥೀಸಿಸ್ ಬರೀಲೇಬೇಕು. ಮೇಷ್ಟ್ರುಗಳಿಗೆ ಬಡ್ತಿ ಸಿಗಬೇಕು ಅಂದ್ರೆ ಪ್ರಬಂಧಗಳು ಪ್ರಕಟ ಆಗಬೇಕು. ಪ್ರಬಂಧಕ್ಕೆ ಅಂಕಿಅಂಶ ಬೇಕು. ಅಂಕಿಅಂಶಕ್ಕೆ ಜನ ಬೇಕು. ಪ್ರತಿ ಮೆಡಿಕಲ್ ಕಾಲೇಜಿಗೂ ಒಂದು ಗ್ರಾಮೀಣ ಆರೋಗ್ಯ ತರಬೇತಿ ಕೇಂದ್ರ ಇರುತ್ತೆ, ಅದರ ಸುತ್ತ ಒಂದಷ್ಟು ಹಳ್ಳಿ ಅವರ 'ಫೀಲ್ಡ್'. ಆ ಫೀಲ್ಡಿನಲ್ಲಿ ಹಗಲುಹೊತ್ತು ಬಾಗಿಲು ತಟ್ಟಿದ್ರೆ ಎದ್ದು ಬರೋರು ಯಾರು, ಏನು ಕೇಳಿದ್ರೂ ಇಲ್ಲ ಅನ್ನದೆ ಕೈ ಚಾಚೋರು ಯಾರು? ದೊಡ್ಡ ಮನೆಗಳಲ್ಲಿ "ನೀವ್ಯಾರು, ಯಾಕೆ, ಯಾರು ಕಳಿಸಿದ್ದು" ಅಂತ ನೂರು ಪ್ರಶ್ನೆ. ನಮ್ಮ ಕಾಲೋನಿಯಲ್ಲಿ ಬಿಳಿ ಕೋಟು ನೋಡಿದ ಕೂಡಲೇ ಚಾಪೆ ಹಾಕಿ, ನೀರು ಕೊಟ್ಟು, "ಸಾರ್ ನಮ್ಮ ಹುಡುಗನ್ನೂ ನೋಡ್ಬಿಡಿ" ಅಂತಾರೆ. ನಮ್ಮೋರು ಅದನ್ನ ಚಿಕಿತ್ಸೆ ಅಂದ್ಕೋತಾರೆ. ಬಂದೋರು ಅದನ್ನ ಸ್ಯಾಂಪಲ್ ಅಂತಾರೆ. ಈ ಎರಡು ಪದದ ನಡುವೆ ಇರೋ ಗುಂಡಿಯಲ್ಲೇ ನಾವು ಬೀಳ್ತಾ ಬಂದಿರೋದು.

ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಮಾತನ್ನೇ ತಗೊಳ್ಳಿ. ಪಾವಗಡ ಅಂದ್ರೆ ಹೊರಗಿನೋರಿಗೆ ಈಗ ಸೋಲಾರ್ ಪಾರ್ಕ್. 2,050 ಮೆಗಾವ್ಯಾಟ್, ಹದಿಮೂರು ಸಾವಿರ ಎಕರೆ, ಡ್ರೋನ್ ವಿಡಿಯೋ. ಅಲ್ಲಿ ಹುಟ್ಟಿ ಬೆಳೆದೋರಿಗೆ ಪಾವಗಡ ಅಂದ್ರೆ ಫ್ಲೋರೈಡ್ ನೀರು. ಮಳೆ ಕಮ್ಮಿ, ಕೆರೆ ಒಣಗಿತು, ಬೋರ್ ಬಂತು, ಬೋರ್ ಆಳಕ್ಕೆ ಹೋದಂಗೆಲ್ಲ ಬಂಡೆಯೊಳಗಿನ ಫ್ಲೋರೈಡ್ ನೀರಿಗೆ ಸೇರ್ಕೊಂಡು ಮೇಲೆ ಬಂತು. ಕುಡಿಯೋ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲ ಅಂದಾಗ 1.5ರವರೆಗೆ ತಡ್ಕೋಬಹುದು. ಅದನ್ನ ದಾಟಿದ ನೀರು ವರ್ಷಗಟ್ಟಲೆ ಕುಡಿದ್ರೆ ಮೊದಲು ಹಲ್ಲಿನ ಮೇಲೆ ಸುಣ್ಣದ ಚುಕ್ಕೆ, ಆಮೇಲೆ ಕಂದು ಪಟ್ಟೆ. ಇನ್ನೂ ಜಾಸ್ತಿ ಆದ್ರೆ ಮಂಡಿ, ಸೊಂಟ, ಕುತ್ತಿಗೆ ಬಿಗಿದು, ಬೆನ್ನು ಬಗ್ಗಿ, ನಲವತ್ತಕ್ಕೇ ಕೋಲು ಹಿಡೀಬೇಕು.

ಇದು ಹೊಸದಾಗಿ ಕಂಡುಹಿಡೀಬೇಕಾದ ಸಂಗತಿ ಏನಲ್ಲ. ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಈ ಕಾಯಿಲೆ ಇದೆ ಅಂತ ವರದಿ ಆಗಿದ್ದು 1937ರಲ್ಲಿ. ಬಾಬಾಸಾಹೇಬರು ಸಂವಿಧಾನ ಬರೆಯೋದಕ್ಕೂ ಮೊದಲು. ಪಟಿಕ, ಸುಣ್ಣ, ಬ್ಲೀಚಿಂಗ್ ಪೌಡರ್ ಹಾಕಿ ನೀರಿನಿಂದ ಫ್ಲೋರೈಡ್ ಇಳಿಸೋ 'ನಲ್ಗೊಂಡ ವಿಧಾನ'ವನ್ನ ನಾಗಪುರದ ನೀರಿ ಸಂಸ್ಥೆಯೋರು ರೂಪಿಸಿದ್ದು 1970ರ ದಶಕದಲ್ಲಿ. ಕೇಂದ್ರ ಸರ್ಕಾರದ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾಗಿದ್ದು 2008–09ರಲ್ಲಿ. ಕಾರಣ ಗೊತ್ತು, ತಡೆಯೋ ದಾರಿ ಗೊತ್ತು, ಕಾರ್ಯಕ್ರಮಾನೂ ಇದೆ. ಬಿಗಿದುಹೋದ ಎಲುಬನ್ನ ವಾಪಸ್ ಸರಿ ಮಾಡೋ ಔಷಧಿ ಇಲ್ಲ ಅನ್ನೋದೂ ಗೊತ್ತು. ಇಷ್ಟೆಲ್ಲ ಗೊತ್ತಿದ್ದಮೇಲೆ ಮತ್ತೆ ಮತ್ತೆ ಮಕ್ಕಳನ್ನ ಸಾಲಾಗಿ ನಿಲ್ಲಿಸಿ, ಬಾಯಿ ತೆಗೆಸಿ, ಹಲ್ಲು ಎಣಿಸೋದು ಯಾಕೆ? ಶೇಕಡಾವಾರು ಬರೀಬೇಕಲ್ಲ, ಅದಕ್ಕೆ.

ನಮ್ಮ ಕಾಲೋನಿಗೂ ಹಿಂಗೇ ಒಂದು ತಂಡ ಬಂದಿತ್ತು. ಯಾವ ಕಾಲೇಜು, ಯಾರು ಅಂತ ಹೆಸರು ಹೇಳಲ್ಲ, ಯಾಕಂದ್ರೆ ಇದು ಒಬ್ಬರ ಚಾಳಿ ಅಲ್ಲ. ಬಂದ ಮಕ್ಕಳು ಒಳ್ಳೇವ್ರೇ, ಬಿಸಿಲಲ್ಲಿ ಬೆವರು ಸುರಿಸ್ಕೊಂಡು ಮನೆಮನೆ ತಿರುಗಿದ್ರು. ಅಂಗನವಾಡಿ ಮುಂದೆ ಟೇಬಲ್ ಹಾಕಿ ಮಕ್ಕಳ ಹಲ್ಲು ನೋಡಿದ್ರು, ಉಚ್ಚೆ ಡಬ್ಬಿ ಕೊಟ್ರು, ಬೋರ್ ನೀರು ಬಾಟಲಿಗೆ ತುಂಬ್ಕೊಂಡ್ರು. ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆಗೆ ತಾಯಂದಿರ ಹೆಬ್ಬೆಟ್ಟು ಒತ್ತಿಸಿದ್ರು. "ರಿಪೋರ್ಟ್ ಬರುತ್ತಾ ಅಕ್ಕಾ?" ಅಂತ ಒಬ್ಬಳು ಹುಡುಗಿ ಕೇಳಿದ್ಲು. "ಬರುತ್ತೆ ಪುಟ್ಟಾ" ಅಂದ್ರು. ಬರಲಿಲ್ಲ. ಆ ಬಾಟಲಿಯ ನೀರಿನಲ್ಲಿ ಎಷ್ಟು ಫ್ಲೋರೈಡ್ ಇತ್ತು ಅನ್ನೋದು ಇವತ್ತಿಗೂ ನಮಗೆ ಗೊತ್ತಿಲ್ಲ. ಅದೇ ಬೋರಿನ ನೀರು ಆಮೇಲೂ ಕುಡಿದ್ವಿ.

ಆಮೇಲೆ ಒಂದು ಪ್ರಾದೇಶಿಕ ವೈದ್ಯಕೀಯ ಸಮ್ಮೇಳನಕ್ಕೆ, ಸಂಘಟನೆಯ ಡಾಕ್ಟರ್ ಗೆಳೆಯರೊಬ್ಬರ ಜೊತೆ ಹೋಗೋ ಅವಕಾಶ ಸಿಕ್ತು. ಎಸಿ ಹಾಲ್, ಔಷಧಿ ಕಂಪನಿಯ ಬ್ಯಾಗು, ಮಧ್ಯಾಹ್ನ ಬಫೆ. ಗೋಡೆ ತುಂಬ ಪೋಸ್ಟರು. ಒಂದರಲ್ಲಿ ತುಟಿ ಎಳೆದು ಹಿಡಿದಿರೋ ಮಗುವಿನ ಕಂದು ಹಲ್ಲಿನ ದೊಡ್ಡ ಫೋಟೋ, ಕಣ್ಣಿಗೆ ಕಪ್ಪು ಪಟ್ಟಿ. ಕಣ್ಣು ಮುಚ್ಚಿದ್ರು, ಬಾಯಿ ಬಿಡಿಸಿದ್ರು. ಪಕ್ಕದಲ್ಲಿ ಡೀನ್ಸ್ ಇಂಡೆಕ್ಸ್ ಪ್ರಕಾರ ಎಷ್ಟು ಮಕ್ಕಳು ಯಾವ ದರ್ಜೆ ಅನ್ನೋ ಕೋಷ್ಟಕ. ಕೊನೇ ಸಾಲಲ್ಲಿ 'ಈ ಬಗ್ಗೆ ಇನ್ನೂ ಹೆಚ್ಚಿನ ಅಧ್ಯಯನ ಅಗತ್ಯ' ಅಂತ ಇಂಗ್ಲಿಷಿನಲ್ಲಿ. ಸಂಜೆ ಆ ಪೋಸ್ಟರಿಗೆ ಬಹುಮಾನ ಬಂತು. ಮೈಸೂರು ಪೇಟ, ಶಾಲು, ಹಾರ, ಸ್ಮರಣಿಕೆ. ಚಪ್ಪಾಳೆ ಹೊಡೆದ ಯಾರೂ "ಈ ಮಗು ಈಗ ಯಾವ ನೀರು ಕುಡೀತಿದೆ?" ಅಂತ ಕೇಳಲಿಲ್ಲ. ಕೇಳಬೇಕು ಅನ್ನೋ ಕಾಲಂ ಪ್ರಶಸ್ತಿಯ ಅರ್ಜಿಯಲ್ಲೇ ಇರಲಿಲ್ಲ. ವಿಧಾನ ಸರಿ ಇದೆಯಾ, ಸ್ಯಾಂಪಲ್ ಸಾಕಷ್ಟಿದೆಯಾ, ಮಂಡನೆ ಚೆನ್ನಾಗಿದೆಯಾ, ಇದಕ್ಕೆಲ್ಲ ಅಂಕ ಇತ್ತು. ಜನಕ್ಕೆ ತಿಳಿಸಿದ್ರಾ ಅನ್ನೋದಕ್ಕೆ ಅರ್ಧ ಅಂಕಾನೂ ಇರಲಿಲ್ಲ.

ಇದು ಬರೀ ಹಲ್ಲಿನ ಕತೆ ಆಗಿದ್ರೆ ಇಷ್ಟು ಉದ್ದ ಬರೀತಿರಲಿಲ್ಲ. ಸಾಗರ ತಾಲ್ಲೂಕಿನ ಹಂದಿಗೋಡು ನೆನಪು ಮಾಡ್ಕೊಳ್ಳಿ. 1970ರ ದಶಕದ ಮಧ್ಯದಲ್ಲಿ ಆ ಊರಿನ ನಮ್ಮ ಜನಕ್ಕೆ ಸೊಂಟ, ಮಂಡಿ ಹಿಡ್ಕೊಂಡು ನಡೆಯೋಕಾಗದ ಕಾಯಿಲೆ ಇದೆ ಅಂತ ಹೊರಗಿನ ಲೋಕಕ್ಕೆ ಗೊತ್ತಾಯ್ತು. ಕೆಲವರು ಕುಳ್ಳಾಗೇ ಉಳಿದ್ರು, ಕೆಲವರು ತೆವಳಿಕೊಂಡೇ ಬದುಕಿದ್ರು. ಕಾಯಿಲೆ ಕಂಡಿದ್ದು ಚನ್ನಂಗಿ ಮತ್ತು ಛಲವಾದಿ ಸಮುದಾಯದಲ್ಲಿ, ಅಂದ್ರೆ ಗದ್ದೆ ಕೂಲಿ ಮಾಡೋ ದಲಿತರಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯೋರು ಬಂದ್ರು, ಐಸಿಎಂಆರ್‌ನೋರು ಬಂದ್ರು. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದಿದ್ದಕ್ಕೆ ಹಿಂಗಾಯ್ತಾ ಅಂತ ಮೊದಲು ಅನುಮಾನ. ಆಮೇಲೆ ಎಕ್ಸ್‌ರೇ, ರಕ್ತ, ವಂಶವೃಕ್ಷ ಎಲ್ಲ ನೋಡಿ ಇದು ಅನುವಂಶೀಯ ಎಲುಬಿನ ರೋಗ ಅಂತ ತೀರ್ಮಾನ. ಬಾಯಲ್ಲಿ ಹೇಳೋಕೂ ಆಗದಷ್ಟು ಉದ್ದದ ಒಂದು ಇಂಗ್ಲಿಷ್ ಹೆಸರು. ದೊಡ್ಡ ದೊಡ್ಡ ಪತ್ರಿಕೆಗಳಲ್ಲಿ ಪ್ರಬಂಧ.

ಆ ಸಂಶೋಧನೆ ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನ ನಾವು ಓದೋ ರೀತಿ ಬೇರೆ. ಕಾಯಿಲೆ ಆ ಸಮುದಾಯಗಳ ಒಳಗೇ ಯಾಕೆ ಸುತ್ತುತ್ತಿದೆ? ಒಳಮದುವೆ ಅಂತಾರೆ ವಿಜ್ಞಾನಿಗಳು. ನಮ್ಮ ಜನ ಯಾಕೆ ತಮ್ಮೊಳಗೇ ಮದುವೆ ಆಗ್ತಾರೆ? ಪಕ್ಕದ ಬೀದಿಯೋರು ಹೆಣ್ಣು ಕೊಡ್ತಿದ್ರಾ? 1916ರಲ್ಲಿ, ಕೊಲಂಬಿಯಾದಲ್ಲಿ ಓದ್ತಿದ್ದ ಇಪ್ಪತ್ತೈದು ವರ್ಷದ ಬಾಬಾಸಾಹೇಬರು ಭಾರತದ ಜಾತಿಗಳ ಬಗ್ಗೆ ಮಂಡಿಸಿದ ಪ್ರಬಂಧದಲ್ಲಿ ತೋರಿಸಿದ್ದು ಇದನ್ನೇ, ಜಾತಿಯ ಜೀವಾಳ ಇರೋದೇ ಒಳಮದುವೆಯಲ್ಲಿ ಅಂತ. ಲ್ಯಾಬಿನೋರು 'ಒಳಮದುವೆ' ಅಂತ ಬರೆದು ಸುಮ್ನಾದ ಕಡೆ ನಾವು 'ಜಾತಿ' ಅಂತ ಓದಬೇಕು. ನಮ್ಮೋರೊಬ್ಬರು ಆ ಸಂಶೋಧನೆಯ ಮೇಜಿನ ಆ ಕಡೆ ಕೂತಿದ್ದಿದ್ರೆ ಆ ಒಂದು ಪದ ವರದಿಯೊಳಗೆ ಬರ್ತಿತ್ತೇನೋ.

ಇನ್ನೊಂದು. ಕಾಯಿಲೆಗೆ ಊರಿನ ಹೆಸರಿಟ್ಟರು. 'ಹಂದಿಗೋಡು ಕಾಯಿಲೆ'. 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾದಾಗ ಕ್ಯಾಸನೂರಿನ ಹೆಸರಿಟ್ಟ ಹಾಗೇ. ಜನ ವಾಸ ಮಾಡೋ ಊರಿನ ಹೆಸರನ್ನ ರೋಗಕ್ಕೆ ಇಡಬೇಡಿ, ಅದರಿಂದ ಅಲ್ಲಿನ ಜನಕ್ಕೆ ಕಳಂಕ ಅಂತ ವಿಶ್ವ ಆರೋಗ್ಯ ಸಂಸ್ಥೆ ಬುದ್ಧಿ ಹೇಳಿದ್ದು 2015ರಲ್ಲಿ. ಅಷ್ಟರಲ್ಲಿ ಹಂದಿಗೋಡಿನ ಹೆಣ್ಣುಮಕ್ಕಳು "ಯಾವೂರು ನಿಂದು?" ಅನ್ನೋ ಪ್ರಶ್ನೆಗೆ ನಲವತ್ತು ವರ್ಷ ಉತ್ತರ ಕೊಟ್ಟಿದ್ರು. ಸಂಶೋಧಕರ ಬಯೋಡಾಟಾದಲ್ಲಿ ಒಂದು ಸಾಲು ಆಗಿದ್ದು ಊರಿನೋರ ಹಣೆ ಮೇಲೆ ಬರೆ ಆಯ್ತು. ವಾಸಿ ಮಾಡೋ ಔಷಧಿ ಆ ಕಾಯಿಲೆಗೆ ಇವತ್ತಿಗೂ ಇಲ್ಲ.

ಒಪ್ಪಿಗೆಯ ಮಾತಿಗೆ ಬನ್ನಿ. ಹೆಬ್ಬೆಟ್ಟು ಒತ್ತಿದ್ರು ಅಂದ್ರೆ ಒಪ್ಪಿದ್ರು ಅಂತಲ್ಲ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಗರ್ಭಕಂಠ ಕ್ಯಾನ್ಸರ್ ತಡೆಯೋ ಎಚ್‌ಪಿವಿ ಲಸಿಕೆಯ ಒಂದು ಯೋಜನೆ ನಡೀತು. ಹತ್ತರಿಂದ ಹದಿನಾಲ್ಕು ವರ್ಷದ ಸಾವಿರಾರು ಹೆಣ್ಣುಮಕ್ಕಳು, ಅವರಲ್ಲಿ ಹಾಸ್ಟೆಲಿನಲ್ಲಿದ್ದ ಆದಿವಾಸಿ, ದಲಿತ ಮಕ್ಕಳು ಬಹಳ. ಕೆಲವು ಮಕ್ಕಳು ತೀರಿಕೊಂಡಾಗ 2010ರಲ್ಲಿ ಯೋಜನೆ ನಿಲ್ಲಿಸಿದ್ರು. ಆ ಸಾವುಗಳಿಗೆ ಲಸಿಕೆ ಕಾರಣ ಅನ್ನೋಕೆ ಆಧಾರ ಇಲ್ಲ ಅಂತ ತನಿಖೆ ಹೇಳ್ತು, ಅದನ್ನ ಒಪ್ಕೊಳ್ಳೋಣ. ಲಸಿಕೆ ಒಳ್ಳೇದೇ, ನಮ್ಮ ಹೆಣ್ಣುಮಕ್ಕಳಿಗೆ ಬೇಕು ಕೂಡ. ಆದರೆ ತಂದೆ ತಾಯಿ ಸಹಿ ಹಾಕಬೇಕಾದ ಕಡೆ ಎಷ್ಟೋ ಮಕ್ಕಳಿಗೆ ಹಾಸ್ಟೆಲ್ ವಾರ್ಡನ್ನು ಸಹಿ ಹಾಕಿದ್ರು. ಸಂಸತ್ತಿನ ಸ್ಥಾಯಿ ಸಮಿತಿ 2013ರಲ್ಲಿ ಕೊಟ್ಟ ವರದಿಯಲ್ಲಿ ಇದನ್ನೆಲ್ಲ ಕಟುವಾಗಿ ಖಂಡಿಸ್ತು. ಹಾಸ್ಟೆಲಿನಲ್ಲಿ ಓದಿ ಬಂದ ನಮ್ಮಂಥೋರಿಗೆ ಗೊತ್ತು, ವಾರ್ಡನ್ ಹೇಳಿದಮೇಲೆ ಇಲ್ಲ ಅನ್ನೋ ಧೈರ್ಯ ಯಾವ ಹುಡುಗಿಗೆ ಬರುತ್ತೆ?

ಈಗ ಬೇರೆ ದೇಶದ ಎರಡು ಉದಾಹರಣೆ ಹೇಳ್ತೀನಿ. ಇವು ನಮಗೆ ಧೈರ್ಯ ಕೊಡೋವು.

ಅಮೆರಿಕದ ಅರಿಜೋನಾದಲ್ಲಿ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ತಳದಲ್ಲಿ ಹವಾಸುಪಾಯಿ ಅನ್ನೋ ಸಣ್ಣ ಮೂಲನಿವಾಸಿ ಬುಡಕಟ್ಟು ಇದೆ. 1990ರಿಂದ ಅಲ್ಲಿನ ವಿಶ್ವವಿದ್ಯಾಲಯದೋರು ಸಕ್ಕರೆ ಕಾಯಿಲೆ ಅಧ್ಯಯನ ಅಂತ ಅವರ ರಕ್ತ ತಗೊಂಡ್ರು. ಆಮೇಲೆ ಅದೇ ರಕ್ತದಲ್ಲಿ ಮಾನಸಿಕ ಕಾಯಿಲೆ, ಒಳಸಂಬಂಧ, ವಲಸೆ ಅಂತ ಜನ ಒಪ್ಪಿಗೆಯನ್ನೇ ಕೊಡದ ವಿಷಯಗಳ ಸಂಶೋಧನೆ ಮಾಡಿದ್ರು. ಗೊತ್ತಾದಾಗ ಜನ ಕೋರ್ಟಿಗೆ ಹೋದ್ರು. 2010ರಲ್ಲಿ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡ್ಕೊಳ್ತು, ಉಳಿದ ರಕ್ತವನ್ನ ವಾಪಸ್ ಕೊಡ್ತು. ರಕ್ತ ವಾಪಸ್! ನಾವು ಕೇಳ್ತಿರೋದು ಒಂದು ಹಾಳೆ ವರದಿ.

ಇನ್ನೊಂದು ದಕ್ಷಿಣ ಆಫ್ರಿಕಾದ ಸಾನ್ ಜನರದ್ದು. ನೂರಾರು ವರ್ಷ ಅವರ ಮೈ ಅಳೆದು, ಫೋಟೋ ತೆಗೆದು, ವಂಶವಾಹಿ ಹುಡುಕಿ ಪ್ರಬಂಧ ಬರೆದೋರಿಗೆ ಲೆಕ್ಕ ಇಲ್ಲ. 2017ರಲ್ಲಿ ಆ ಜನಾನೇ ಕೂತು ಒಂದು ಸಂಶೋಧನಾ ನೀತಿಸಂಹಿತೆ ಬರೆದ್ರು. ನಮ್ಮನ್ನ ಅಧ್ಯಯನ ಮಾಡೋಕೆ ಬರೋರು ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಇಟ್ಕೊಂಡು ಬರಬೇಕು, ನಾವು ಹಾಕಿದ ಕ್ರಮದಲ್ಲೇ ಬರಬೇಕು ಅಂತ. ಬೇಟೆ ಆಡ್ಕೊಂಡು ಬದುಕಿದ್ದ ಸಮುದಾಯ ವಿಶ್ವವಿದ್ಯಾಲಯಗಳಿಗೆ ಷರತ್ತು ಹಾಕ್ತು. ಅವರಿಗೆ ಆಗೋದು ನಮಗೆ ಯಾಕೆ ಆಗಬಾರದು?

ಹಂಗಂತ ನಮ್ಮ ದೇಶದಲ್ಲಿ ನಿಯಮ ಇಲ್ಲ ಅಂತಲ್ಲ. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿ ತೆಗೆದು ನೋಡಿ. ಒಪ್ಪಿಗೆ ಜನಕ್ಕೆ ಅರ್ಥ ಆಗೋ ಭಾಷೆಯಲ್ಲಿರಬೇಕು, ದುರ್ಬಲ ಸಮುದಾಯಗಳಿಗೆ ವಿಶೇಷ ರಕ್ಷಣೆ ಇರಬೇಕು, ಸಂಶೋಧನೆಯ ಪ್ರಯೋಜನ ಅದರಲ್ಲಿ ಭಾಗವಹಿಸಿದೋರಿಗೂ ತಲುಪಬೇಕು ಅಂತೆಲ್ಲ ಇದೆ. ಪ್ರತಿ ನೈತಿಕ ಸಮಿತಿಯಲ್ಲೂ ವೈದ್ಯಲೋಕದ ಹೊರಗಿನ ಒಬ್ಬ ಸಾಮಾನ್ಯ ಪ್ರಜೆ ಸದಸ್ಯ ಆಗಿರಬೇಕು ಅಂತಾನೂ ಇದೆ. ಆ ಸಾಮಾನ್ಯ ಪ್ರಜೆ ಯಾವ ಬೀದಿಯೋರು ಅಂತ ಯಾರಾದ್ರೂ ಕೇಳಿದೀರಾ? ನಿಯಮ ಬರೆದಿದಾರೆ, ಆದರೆ ಪಾಲಿಸಿದ್ರೆ ಲಾಭ ಇಲ್ಲ, ಪಾಲಿಸದಿದ್ರೆ ನಷ್ಟ ಇಲ್ಲ. ಪ್ರಶಸ್ತಿ ಇರೋದೇ ಲಾಭನಷ್ಟದ ಜಾಗದಲ್ಲಿ. ಅದಕ್ಕೇ ನಾನು ಪ್ರಶಸ್ತಿಯ ಬುಡಕ್ಕೇ ಕೈ ಹಾಕ್ತಿರೋದು.

ಪ್ರಶಸ್ತಿ ಯಾರಿಗೆ ಅನ್ನೋದನ್ನೂ ನೋಡಿ. ಹಿಂದುಳಿದ ಪ್ರದೇಶದಲ್ಲಿ ಸಂಶೋಧನೆ ಮಾಡಿದೋರಿಗೆ ಅಂತ, ಅವಕಾಶವಂಚಿತ ಸಮುದಾಯದಿಂದ ಬಂದ ವಿಜ್ಞಾನಿಗಳಿಗೆ ಅಂತ ಐಸಿಎಂಆರ್ ಪ್ರತ್ಯೇಕ ಬಹುಮಾನಗಳನ್ನೇ ಇಟ್ಟಿತ್ತು. ಒಳ್ಳೇದೇ. ಆದರೆ ಆ ಸಂಶೋಧನೆಗೆ ಮೈ ಕೊಟ್ಟ ಹಿಂದುಳಿದ ಪ್ರದೇಶದ ಜನಕ್ಕೆ ಏನು?

ಮನೆಮನೆಗೆ ದಾರಿ ತೋರಿಸಿ, "ಡಾಕ್ಟರಮ್ಮ ಬಂದವ್ರೆ ಬನ್ರವ್ವಾ" ಅಂತ ಕೂಗಿ ಜನ ಸೇರಿಸಿಕೊಡೋ ಆಶಾ ಅಕ್ಕಂದಿರಿಗೆ ಏನು? 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರು ಭಾರತದ ಹತ್ತು ಲಕ್ಷಕ್ಕೂ ಹೆಚ್ಚು ಆಶಾಗಳಿಗೆ ಜಾಗತಿಕ ಪ್ರಶಸ್ತಿ ಕೊಟ್ರು. ಟಿವಿಯಲ್ಲಿ ಎರಡು ದಿನ ಬಂತು. 2025ರ ಜನವರಿಯ ಚಳಿಯಲ್ಲಿ ಅದೇ ಪ್ರಶಸ್ತಿ ವಿಜೇತರು ತಿಂಗಳಿಗೆ 15,000 ರೂಪಾಯಿ ಗೌರವಧನ ಕೊಡಿ ಅಂತ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತಿದ್ರು. ಕೊನೆಗೆ ಸಿಕ್ಕಿದ್ದು ಹತ್ತು ಸಾವಿರದ ಭರವಸೆ. ನಮ್ಮೋರ ಕೈಗೆ ಪ್ರಶಸ್ತಿ ಬಂದಾಗ ಅದು ಸಂಬಳದ ಬದಲಿಗೆ ಬರುತ್ತೆ. ಅವರ ಕೈಗೆ ಬಂದಾಗ ಬಡ್ತಿ ಜೊತೆಗೆ ಬರುತ್ತೆ.

ಇನ್ನು ವೇದಿಕೆ ಮೇಲೆ ಕೂರೋ ಹಂತಕ್ಕೆ ನಮ್ಮ ಮಕ್ಕಳು ಬರೋದು ಅಷ್ಟು ಸುಲಭಾನಾ? ದೆಹಲಿಯ ಏಮ್ಸ್‌ನಲ್ಲಿ ದಲಿತ, ಆದಿವಾಸಿ ವಿದ್ಯಾರ್ಥಿಗಳನ್ನ ಹೆಂಗೆ ನಡೆಸ್ಕೋತಾರೆ ಅಂತ ಸುಖದೇವ್ ಥೋರಟ್ ಸಮಿತಿ 2007ರಲ್ಲೇ ವರದಿ ಕೊಡ್ತು. ಹಾಸ್ಟೆಲು, ಮೆಸ್ಸು, ಆಟದ ಮೈದಾನ, ಪರೀಕ್ಷೆ, ಎಲ್ಲ ಕಡೆ ಜಾತಿ. 2019ರ ಮೇ 22ರಂದು ಮುಂಬೈಯಲ್ಲಿ ಡಾ. ಪಾಯಲ್ ತಡ್ವಿ ಪ್ರಾಣ ಕಳ್ಕೊಂಡ್ರು. ಆದಿವಾಸಿ ಹುಡುಗಿ, ಪಿಜಿ ಓದ್ತಿದ್ದ ಡಾಕ್ಟರು. ಹಿರಿಯ ವಿದ್ಯಾರ್ಥಿನಿಯರ ಜಾತಿ ಕಿರುಕುಳದಿಂದ ಅನ್ನೋ ಆರೋಪದ ಮೇಲೆ ಕೇಸು ನಡೀತಿದೆ. ಅವಳು ಬದುಕಿದ್ದಿದ್ರೆ ಇವತ್ತು ಯಾವುದೋ ಸಮ್ಮೇಳನದಲ್ಲಿ ತನ್ನ ಜನದ ಬಾಣಂತಿಯರ ಬಗ್ಗೆ ಪ್ರಬಂಧ ಓದ್ತಿರ್ತಿದ್ಲು.

ಈಗ "ಆದರೂ..." ಅನ್ನೋರಿಗೆ.

ಆದರೂ ಸಂಶೋಧನೆ ನಿಮ್ಮ ಒಳ್ಳೇದಕ್ಕೇ ಅಲ್ವಾ ಅಂತೀರಿ. ಹೌದು, ನಮಗೆ ಸಂಶೋಧನೆ ಬೇಕು, ಈಗಿರೋದಕ್ಕಿಂತ ಜಾಸ್ತಿ ಬೇಕು. ದಲಿತ ಹೆಣ್ಣುಮಕ್ಕಳು ಮೇಲ್ಜಾತಿ ಹೆಣ್ಣುಮಕ್ಕಳಿಗಿಂತ ಸರಾಸರಿ 14.6 ವರ್ಷ ಮೊದಲೇ ಸಾಯ್ತಾರೆ ಅಂತ ವಿಶ್ವಸಂಸ್ಥೆಯ ಮಹಿಳಾ ವಿಭಾಗದ 2018ರ ವರದಿಯಲ್ಲಿ ಬಂದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ 47.8% ಜನಕ್ಕೆ ರಕ್ತಹೀನತೆ. ಯಾರೋ ಎಣಿಸಿದ್ರಿಂದ ತಾನೇ ಈ ಅಂಕಿ ನಮ್ಮ ಕೈಗೆ ಅಸ್ತ್ರವಾಗಿ ಸಿಕ್ಕಿದ್ದು? ಎಣಿಸಿ. ಎಣಿಸಿದ್ದನ್ನ ನಮಗೂ ಕೊಡಿ.

ಆದರೂ ಡಾಕ್ಟರು ನೀರು ಕೊಡೋಕಾಗುತ್ತಾ, ಅದು ಪಂಚಾಯ್ತಿ ಕೆಲಸ ಅಂತೀರಿ. ಸರಿ. ನೀರು ಕೊಡಿ ಅಂತ ನಿಮ್ಮನ್ನ ಕೇಳಲ್ಲ. "ಈ ಬೋರಿನಲ್ಲಿ ಇಷ್ಟು ಫ್ಲೋರೈಡ್ ಇದೆ" ಅಂತ ಸಹಿ ಹಾಕಿದ ಒಂದು ಹಾಳೆ ಕೊಡಿ. ಅದನ್ನ ಹಿಡ್ಕೊಂಡು ಪಂಚಾಯ್ತಿ ಬಾಗಿಲಿಗೆ ಹೋಗೋದು ನಮ್ಮ ಕೆಲಸ. ನಾವು ಬಾಯಲ್ಲಿ ಹೇಳಿದ್ರೆ ಪಿಡಿಒ "ನೋಡೋಣ" ಅಂತಾರೆ, ಡಾಕ್ಟರ ಸಹಿ ಇದ್ರೆ ಕೂತ್ಕೊಳ್ಳಿ ಅಂತಾರೆ. ನಿಮಗೆ ಐದು ನಿಮಿಷದ ಕೆಲಸ, ನಮಗೆ ಐದು ವರ್ಷದ ಹೋರಾಟ ಉಳಿಯುತ್ತೆ. ಆ ಹಾಳೆ ಇಲ್ಲದೇ ಇರೋದಕ್ಕೇ ಎಷ್ಟೋ ಕಡೆ ಫಿಲ್ಟರ್ ನೀರಿನ ಘಟಕ ಊರೊಳಗಿನ ಸರ್ಕಲ್ಲಿನಲ್ಲಿ ನಿಂತಿದೆ, ಕಾಲೋನಿಯೋರು ಕಾಯಿನ್ನು, ಕ್ಯಾನು ಎರಡೂ ಹೊತ್ಕೊಂಡು ಅಲ್ಲಿಗೆ ಹೋಗಬೇಕು. ಕುಡಿಯೋಕಷ್ಟೇ ಆ ನೀರು. ಮುದ್ದೆ ಬೇಯೋದು, ಸಾರು ಕುದಿಯೋದು ಅದೇ ಬೋರ್ ನೀರಿನಲ್ಲಿ. ಕಾಯಿಸಿದ್ರೆ ಫ್ಲೋರೈಡ್ ಹೋಗಲ್ಲ ಅನ್ನೋ ಸಣ್ಣ ಮಾತನ್ನಾದ್ರೂ ಸ್ಯಾಂಪಲ್ ತಗೊಂಡೋರು ಹೇಳಿ ಹೋಗಬಹುದಿತ್ತು. ಪಾವಗಡಕ್ಕೆ ತುಂಗಭದ್ರಾ ಹಿನ್ನೀರಿನ ಯೋಜನೆ ಇದೆಯಲ್ಲ ಅಂತೀರಿ. ಆ ನೀರು ಕಾಲೋನಿಯ ಕೊನೇ ಮನೆ ನಲ್ಲಿಗೂ ಬರ್ತಿದೆಯಾ ಅನ್ನೋದನ್ನ ಅಧ್ಯಯನ ಮಾಡಿ ಸ್ವಾಮಿ. ಅದಕ್ಕೆ ಪದಕ ಕೊಟ್ರೆ ನಾನೇ ಬಂದು ಹಾರ ಹಾಕ್ತೀನಿ.

ಹಂಗಾಗಿ ಸಮ್ಮೇಳನ ನಡೆಸೋ ಎಲ್ಲ ಕಾಲೇಜು, ಸಂಘ, ವಿಶ್ವವಿದ್ಯಾಲಯಗಳ ಮುಂದೆ ನಮ್ಮ ಬೇಡಿಕೆ:

1. ಜನರ ನಡುವೆ ಮಾಡಿದ ಯಾವುದೇ ಸಂಶೋಧನೆ ಪ್ರಶಸ್ತಿಗೆ ಬರಬೇಕಾದ್ರೆ, ಫಲಿತಾಂಶವನ್ನ ಆ ಊರಿಗೆ, ಆ ಕೇರಿಗೆ ಕನ್ನಡದಲ್ಲಿ ತಿಳಿಸಿದ ದಾಖಲೆ ಜೊತೆಗಿರಬೇಕು. ಇಲ್ಲದಿದ್ರೆ ಅರ್ಜಿ ತಿರಸ್ಕಾರ.

2. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು. ಗಡಿ ಕಡೆ ತೆಲುಗು ಮಾತಾಡೋ ಮನೆಗಳಲ್ಲಿ ತೆಲುಗಿನಲ್ಲಿ ಓದಿ ಹೇಳಬೇಕು. ಒಂದು ಪ್ರತಿ ಮನೆಯೋರ ಕೈಯಲ್ಲಿ ಉಳೀಬೇಕು.

3. ಪರೀಕ್ಷೆಯಲ್ಲಿ ತೊಂದರೆ ಕಂಡ ಪ್ರತಿಯೊಬ್ಬರಿಗೂ ಮುಂದೆ ಎಲ್ಲಿಗೆ ಹೋಗಬೇಕು ಅನ್ನೋ ಚೀಟಿ ಕೊಡಬೇಕು. ಎಣಿಸಿ ಬಿಟ್ಟು ಹೋಗೋ ಹಾಗಿಲ್ಲ.

4. ನೈತಿಕ ಸಮಿತಿಯ ಸಾಮಾನ್ಯ ಸದಸ್ಯರ ಜಾಗಕ್ಕೆ ಫೀಲ್ಡಿನ ಹಳ್ಳಿಗಳ ದಲಿತ ಹೆಣ್ಣುಮಗಳೊಬ್ಬಳನ್ನ ಕೂರಿಸಬೇಕು.

5. ಸಮ್ಮೇಳನದಲ್ಲಿ ಒಂದು ಅಧಿವೇಶನ ಕನ್ನಡದಲ್ಲಿ ನಡೀಬೇಕು. ಅಧ್ಯಯನಕ್ಕೆ ಒಳಗಾದ ಊರಿನೋರು, ಆಶಾಗಳು ಅಲ್ಲಿ ಪ್ರಶ್ನೆ ಕೇಳಬೇಕು, ಸಂಶೋಧಕರು ಉತ್ತರ ಕೊಡಬೇಕು.

ನಾವು ಮಾಡಬೇಕಾದ ಕೆಲಸಾನೂ ಇದೆ ಗೆಳೆಯರೇ. ಮುಂದಿನ ಸಲ ನಿಮ್ಮ ಕೇರಿಗೆ ತಂಡ ಬಂದ್ರೆ ಜಗಳ ಮಾಡಬೇಡಿ, ಓಡಿಸಬೇಡಿ. ಚಾಪೆ ಹಾಕಿ, ನೀರು ಕೊಡಿ, ಜೊತೆಗೆ ನಾಲ್ಕು ಪ್ರಶ್ನೆ ಕೇಳಿ. ಯಾವ ಸಂಸ್ಥೆ? ನೈತಿಕ ಸಮಿತಿಯ ಅನುಮತಿ ಪತ್ರ ಎಲ್ಲಿ? ಈ ರಕ್ತದಲ್ಲಿ ಏನೇನು ನೋಡ್ತೀರಿ? ರಿಪೋರ್ಟ್ ಯಾವತ್ತು, ಯಾರ ಕೈಗೆ ಕೊಡ್ತೀರಿ? ಉತ್ತರವನ್ನ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪ್ರತಿ ಕಾಲೋನಿಗೂ ಇಂಥ ಒಂದು ನೋಟ್‌ಬುಕ್ ಇರಲಿ. ಸರ್ಕಾರಿ ಕಾಲೇಜಾಗಿದ್ದು ರಿಪೋರ್ಟ್ ಬರದಿದ್ರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ, ಮೂವತ್ತು ದಿನದಲ್ಲಿ ಉತ್ತರ ಕೊಡಲೇಬೇಕು. ಜಲಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಯಲ್ಲೂ ಐದು ಜನ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಮಾಡೋ ಕಿಟ್ಟಿನ ತರಬೇತಿ ಕೊಡಬೇಕು ಅಂತ ಇದೆ. ಆ ಐದರಲ್ಲಿ ನಮ್ಮ ಕೇರಿಯೋರು ಎಷ್ಟು ಜನ ಇದಾರೆ ಅಂತ ಪಂಚಾಯ್ತಿಯಲ್ಲಿ ಕೇಳಿ. ನಮ್ಮ ನೀರನ್ನ ನಮ್ಮ ಹುಡುಗೀರೇ ಪರೀಕ್ಷೆ ಮಾಡಲಿ.

ಪ್ಲೇಗ್ ಬಂದಾಗ ಪುಣೆ ಹತ್ರದ ಮುಂಢ್ವಾದ ಮಹಾರ್ ಕೇರಿಯಿಂದ ಕಾಯಿಲೆಯ ಮಗುವನ್ನ ಬೆನ್ನ ಮೇಲೆ ಹೊತ್ತು ಮಗ ಯಶವಂತನ ಆಸ್ಪತ್ರೆಗೆ ತಂದೋರು ಸಾವಿತ್ರಿಬಾಯಿ ಫುಲೆ. ಅದೇ ಪ್ಲೇಗ್ ಅಂಟಿ 1897ರ ಮಾರ್ಚ್ 10ರಂದು ತೀರಿಕೊಂಡ್ರು. ಅವರಿಗೆ ಯಾವ ಸಮ್ಮೇಳನವೂ ಪದಕ ಕೊಟ್ಟಿರಲಿಲ್ಲ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಗೆ ಇಳಿದು ಬಾಬಾಸಾಹೇಬರು ಬೊಗಸೆ ನೀರು ಕುಡಿದ್ರು. ನೀರು ಮುಟ್ಟೋ ಹಕ್ಕನ್ನ ಅವರು ಗೆದ್ದು ಕೊಟ್ಟು ಹೋದ್ರು. ಆ ನೀರಿನಲ್ಲಿ ಏನಿದೆ ಅಂತ ತಿಳ್ಕೊಳ್ಳೋ ಹಕ್ಕನ್ನ ನಾವು ಗೆಲ್ಲಬೇಕು.

ನಿಮ್ಮ ಊರಿನಲ್ಲೂ ಹಿಂಗೆ ರಕ್ತ, ನೀರು, ಹಲ್ಲಿನ ಲೆಕ್ಕ ತಗೊಂಡು ಹೋಗಿ ರಿಪೋರ್ಟ್ ಕೊಡದೇ ಇದ್ರೆ ಊರು, ವರ್ಷ ಕಮೆಂಟಿನಲ್ಲಿ ಬರೀರಿ. ಮಕ್ಕಳ ಹೆಸರು, ಫೋಟೋ ಹಾಕಬೇಡಿ. ನಾಲ್ಕೂ ತಾಲ್ಲೂಕಿನ ಪಟ್ಟಿ ಮಾಡೋಣ. ಮುಂದಿನ ಸಮ್ಮೇಳನದ ಬಾಗಿಲಲ್ಲಿ ಪಟ್ಟಿ ಹಿಡ್ಕೊಂಡು ನಿಲ್ಲೋಣ.

ಜೈ ಭೀಮ್. ಜೈ ಸಾವಿತ್ರಿ.